ಕೈಮೂಳೆಗಳ ಹೆಸರು ಹೇಳಿದ ಹುಡುಗಿ

ಸಂಪಾದಕರು ಫೋನ್ ಮಾಡಿ, "ಡಾಕ್ಟ್ರೆ, ಈ ಸಂಚಿಕೆಗೆ ಏನಾದರೂ ಬರೆದುಕೊಡಿ" ಎಂದಾಗ ಅವರ ಮನಸ್ಸಿನಲ್ಲಿದ್ದದ್ದು ಸಕ್ಕರೆ ಕಾಯಿಲೆಯೋ ಕೊಲೆಸ್ಟರಾಲೋ ಇರಬೇಕು. ಆ ಎರಡರ ಬಗ್ಗೆಯೂ ಬರೆದು ಬರೆದು ನನಗೆ ಸಾಕಾಗಿದೆ, ಓದಿ ಓದಿ ನಿಮಗೂ ಸಾಕಾಗಿದೆ. ಆದರೂ ನಮ್ಮ ಪಾಟ್‌ಲಕ್‌ಗಳಲ್ಲಿ ಹೋಳಿಗೆ ಒಂದೂ ಉಳಿಯುವುದಿಲ್ಲ. ಆದ್ದರಿಂದ ಈ ಬಾರಿ ಬೇರೆ ಕಾಯಿಲೆಯೊಂದರ ಬಗ್ಗೆ ಬರೆಯುತ್ತೇನೆ. ಅದು ನನಗೂ ಇದೆ, ವಾಸಿಯಾಗುವ ಲಕ್ಷಣವಿಲ್ಲ. ವೈಜ್ಞಾನಿಕ ಕಥೆಗಳ ಟೀವಿ ಧಾರಾವಾಹಿಗಳ ಹುಚ್ಚು ಅದು.

ಹುಚ್ಚು ಹತ್ತಿದ್ದು ರೆಸಿಡೆನ್ಸಿಯ ಕಾಲದಲ್ಲಿ. ಮೈಸೂರಿನಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ, ಮದುವೆಯಾಗಿ, ಎರಡು ಸೂಟ್‌ಕೇಸು ಮತ್ತು ಒಂದು ಪ್ರೆಷರ್ ಕುಕ್ಕರಿನೊಂದಿಗೆ ಈ ದೇಶಕ್ಕೆ ಬಂದವಳು ನಾನು. ರಾತ್ರಿ ಪಾಳಿಯ ಡಾಕ್ಟರುಗಳು ಒರಗಿಕೊಳ್ಳುವ ಕೋಣೆಯಲ್ಲಿ ಒಂದು ಹಳೇ ಟೀವಿ ಇತ್ತು. 1995ರ ಜನವರಿಯಲ್ಲಿ ಅದರಲ್ಲಿ ‘ಸ್ಟಾರ್ ಟ್ರೆಕ್: ವಾಯೇಜರ್’ ಶುರುವಾಯಿತು. ಹಡಗಿನ ನಾಯಕಿ ಒಬ್ಬ ಹೆಂಗಸು, ಕ್ಯಾಪ್ಟನ್ ಜೇನ್‌ವೇ. ಪಾತ್ರ ಮಾಡಿದವರು ಕೇಟ್ ಮಲ್ಗ್ರೂ. ಮನೆಯಿಂದ ಎಪ್ಪತ್ತು ಸಾವಿರ ಜ್ಯೋತಿರ್ವರ್ಷ ಆಚೆ ಹೋಗಿ ಸಿಕ್ಕಿಬಿದ್ದ ಹಡಗಿನವರು ಮನೆಗೆ ಹೋಗುವ ದಾರಿ ಹುಡುಕುವುದೇ ಅದರ ಕಥೆ. ನಮ್ಮಂಥವರಿಗೆ ಇದಕ್ಕಿಂತ ಹೆಚ್ಚು ವಿವರಿಸಬೇಕಿಲ್ಲ.

ಬೇ ಏರಿಯಾಕ್ಕೆ ಬಂದ ಮೇಲೆ ಹುಚ್ಚಿಗೆ ಇನ್ನಷ್ಟು ಗೊಬ್ಬರ ಸಿಕ್ಕಿತು. ಸ್ಟಾರ್ ಟ್ರೆಕ್ ಕಥೆಯಲ್ಲಿ ಭವಿಷ್ಯದ ಸ್ಟಾರ್‌ಫ್ಲೀಟಿನ ಕೇಂದ್ರ ಕಚೇರಿ ಇರುವುದು ನಮ್ಮ ಸ್ಯಾನ್ ಫ್ರಾನ್ಸಿಸ್ಕೋದಲ್ಲೇ. 1986ರ ನಾಲ್ಕನೆಯ ಚಲನಚಿತ್ರದಲ್ಲಿ ಕರ್ಕ್, ಸ್ಪಾಕ್ ಮುಂತಾದವರು ತಿಮಿಂಗಿಲ ಹುಡುಕಿಕೊಂಡು ನಮ್ಮ ಬೀದಿಗಳಲ್ಲೇ ಅಲೆಯುತ್ತಾರೆ. ಅದೇ ಚಿತ್ರದಲ್ಲಿ ಹಡಗೊಂದರ ಕ್ಯಾಪ್ಟನ್ ಆಗಿ ಒಂದು ನಿಮಿಷ ಮುಖ ತೋರಿಸುವವರು ಮದರಾಸಿನ ಟೆನಿಸ್ ಆಟಗಾರ ವಿಜಯ್ ಅಮೃತರಾಜ್. ಮತ್ತೊಂದು ಹಡಗಿನ ಕ್ಯಾಪ್ಟನ್ ಜಮೈಕಾ ಮೂಲದ ಮ್ಯಾಜ್ ಸಿಂಕ್ಲೇರ್. ಮನೆಗೆ ಅತಿಥಿಗಳು ಬಂದಾಗ ಕ್ಯಾಸೆಟ್ ಹಾಕಿ ಆ ಒಂದು ನಿಮಿಷವನ್ನು ತೋರಿಸದೆ ಕಾಫಿ ಕೊಡುತ್ತಿರಲಿಲ್ಲ ಎಂದು ನಮ್ಮ ಮನೆಯವರು ಈಗಲೂ ಹಂಗಿಸುತ್ತಾರೆ.

ಇಷ್ಟೇ ಆಗಿದ್ದರೆ ಇದು ಒಂದು ಹವ್ಯಾಸದ ವರದಿಯಾಗಿ ಮುಗಿಯುತ್ತಿತ್ತು. ಆದರೆ ಮೂವತ್ತು ವರ್ಷ ನೋಡಿದ ಮೇಲೆ ಒಂದು ಮಾತು ಹೇಳಬೇಕೆನಿಸುತ್ತದೆ. ಈ ಕಥೆಗಳು ಸಾವಿರ ಗ್ರಹಗಳನ್ನು ಕಲ್ಪಿಸಿಕೊಳ್ಳುತ್ತವೆ. ಅಭಿಮಾನಿಗಳು ಹಸಿರು ಮೈಯವರನ್ನೂ ಕೊಂಬಿನವರನ್ನೂ ಪ್ರೀತಿಯಿಂದ ಒಪ್ಪಿಕೊಳ್ಳುತ್ತಾರೆ. ಆದರೆ ಕಪ್ಪು ಅಥವಾ ಕಂದು ಬಣ್ಣದ ಹೆಣ್ಣೊಬ್ಬಳು ಹಡಗಿನ ನಡುಮಧ್ಯೆ ಬಂದು ನಿಂತಾಗ ಅದೇ ಅಭಿಮಾನಿಗಳಲ್ಲಿ ಅನೇಕರಿಗೆ ಕಸಿವಿಸಿಯಾಗುತ್ತದೆ. ಆ ಕಸಿವಿಸಿ ನಮ್ಮ ಮನೆಗಳಲ್ಲೂ ಇದೆ ಎಂಬುದು ನನಗೆ ತಡವಾಗಿ ತಿಳಿಯಿತು.

ಮೊದಲು ಉಹೂರಾ ಕಥೆ. 1966ರ ಸೆಪ್ಟೆಂಬರಿನಲ್ಲಿ ಶುರುವಾದ ಮೂಲ ಸ್ಟಾರ್ ಟ್ರೆಕ್‌ನಲ್ಲಿ ಸಂಪರ್ಕ ವಿಭಾಗದ ಅಧಿಕಾರಿ ಆಕೆ. ನಟಿ ನಿಶೆಲ್ ನಿಕೋಲ್ಸ್. ಅಮೆರಿಕದ ಟೀವಿಯಲ್ಲಿ ಕಪ್ಪು ಹೆಂಗಸೆಂದರೆ ಮನೆಗೆಲಸದವಳೇ ಎಂದಿದ್ದ ಕಾಲ. ಆಮೇಲೆ ಇದೇ ಸ್ಟಾರ್ ಟ್ರೆಕ್‌ನ ಮುಂದಿನ ಧಾರಾವಾಹಿಯಲ್ಲಿ ತಾನಾಗಿಯೇ ಕೇಳಿ ಪಾತ್ರ ಪಡೆದ ವೂಪಿ ಗೋಲ್ಡ್‌ಬರ್ಗ್, ಬಾಲ್ಯದಲ್ಲಿ ಉಹೂರಾಳನ್ನು ನೋಡಿದ್ದನ್ನು ಹೇಳಿಕೊಂಡಿದ್ದಾರೆ: ಟೀವಿಯಲ್ಲಿ ಕಪ್ಪು ಹೆಂಗಸೊಬ್ಬಳಿದ್ದಾಳೆ, ಕೆಲಸದವಳಲ್ಲ ಎಂದು ಮನೆಯವರನ್ನೆಲ್ಲ ಕೂಗಿ ಕರೆದರಂತೆ. ಮೊದಲ ವರ್ಷ ಮುಗಿದಾಗ ನಿಕೋಲ್ಸ್ ಬಿಟ್ಟುಹೋಗಲು ನಿರ್ಧರಿಸಿದ್ದರು. ಆಗ ಮಾರ್ಟಿನ್ ಲೂಥರ್ ಕಿಂಗ್ ಅವರೇ ಬಿಡಬೇಡಿ ಎಂದು ಹೇಳಿದ್ದನ್ನು ನಿಕೋಲ್ಸ್ 2022ರಲ್ಲಿ ತೀರಿಕೊಳ್ಳುವವರೆಗೂ ಸ್ಮರಿಸುತ್ತಿದ್ದರು. ಧಾರಾವಾಹಿ ನಿಂತುಹೋಗುತ್ತದೆ ಎಂದಾಗ ಉಳಿಸಿದವರು ಅಭಿಮಾನಿಗಳು. ಬ್ಜೋ ಟ್ರಿಂಬಲ್ ಎಂಬ ಮಹಿಳೆ ಮತ್ತು ಆಕೆಯ ಪತಿ ಪತ್ರ ಚಳವಳಿ ನಡೆಸಿದರು. 1968ರಲ್ಲಿ ನಮ್ಮ ಬರ್ಕ್ಲಿಯ ವಿದ್ಯಾರ್ಥಿಗಳೂ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಪ್ರತಿಭಟನೆ ಮಾಡಿದರು.

ಹೀಗೆ ಉಳಿದ ಉಹೂರಾಗೆ ಕೊಟ್ಟದ್ದೇನು? ಕುರ್ಚಿ ಕೊಟ್ಟರು, ಮಾತು ಕೊಡಲಿಲ್ಲ. ಬಹುಪಾಲು ಕಂತುಗಳಲ್ಲಿ ಕರೆ ಬಂದಿದೆ ಎಂದು ಹೇಳುವುದಷ್ಟೇ ಆಕೆಯ ಕೆಲಸ. ‘ನ್ಯೋಟಾ’ ಎಂಬ ಹೆಸರು ಪುಸ್ತಕಗಳಲ್ಲಿ ಮೊದಲೇ ಓಡಾಡುತ್ತಿದ್ದರೂ ತೆರೆಯ ಮೇಲೆ ಅದು ಕೇಳಿಸಿದ್ದು 2009ರ ಚಲನಚಿತ್ರದಲ್ಲಿ, ಅಂದರೆ 43 ವರ್ಷಗಳ ನಂತರ. ಅಲ್ಲಿ ಜೋಯಿ ಸಲ್ದಾನಾ ಮಾಡಿದ ಉಹೂರಾಳನ್ನು ಸ್ಪಾಕ್ ಪ್ರೀತಿಸುತ್ತಾನೆ. ತಕ್ಷಣ ಅಭಿಮಾನಿಗಳಲ್ಲಿ ಜಗಳ. ಸ್ವತಂತ್ರಳಾಗಿದ್ದ ಅಧಿಕಾರಿಯನ್ನು ಕೇವಲ ಪ್ರೇಯಸಿಯನ್ನಾಗಿ ಮಾಡಿದರು ಎಂದು ಕೆಲವು ಬಿಳಿಯ ಮಹಿಳೆಯರು ಸ್ತ್ರೀವಾದದ ಹೆಸರಿನಲ್ಲೇ ಬೇಸರಪಟ್ಟರು. ಕಪ್ಪು ಮಹಿಳಾ ಅಭಿಮಾನಿಗಳು ಕೊಟ್ಟ ಉತ್ತರದ ತಿರುಳು ಇದು: ನಿಮ್ಮನ್ನು ಪ್ರೀತಿಸುವ ನಾಯಕರು ನಿಮಗೆ ಎಲ್ಲ ಕಥೆಯಲ್ಲೂ ಸಿಕ್ಕಿದ್ದಾರೆ, ನಿಮಗೆ ಅದು ಸಾಕೆನಿಸಿರಬಹುದು; ನಮ್ಮವಳನ್ನು ಒಬ್ಬ ನಾಯಕ ಪ್ರೀತಿಸಿದ್ದನ್ನು ನಾವು ನೋಡುತ್ತಿರುವುದೇ ಈಗ. ಉಂಡವರು ಉಪವಾಸದ ಮಹಿಮೆ ಹೇಳಿದಂತೆ ಎಂದು ನನಗೆ ಅನ್ನಿಸಿತು.

ನಮ್ಮ ದೇಶದವರ ಪಾಡು ಇನ್ನೂ ತಮಾಷೆ. 1965ರ ಮಿಸ್ ಇಂಡಿಯಾ, ಮುಂಬಯಿಯ ಪರ್ಸಿಸ್ ಖಂಬಾಟಾ 1979ರ ಮೊದಲ ಸ್ಟಾರ್ ಟ್ರೆಕ್ ಚಿತ್ರದಲ್ಲಿ ಹಡಗಿಗೆ ದಾರಿ ತೋರಿಸುವ ಅಧಿಕಾರಿಯಾದರು. ಪಾತ್ರಕ್ಕಾಗಿ ತಲೆ ಬೋಳಿಸಿದರು. ಬಂದ ಕೂಡಲೇ ಬ್ರಹ್ಮಚರ್ಯದ ಪ್ರಮಾಣದ ಮಾತು ಆಡಿಸಿದರು. ಚಿತ್ರದ ನಡುವೆಯೇ ಆಕೆಯನ್ನು ಮಾಯ ಮಾಡಿ, ಆಕೆಯ ರೂಪದ ಯಂತ್ರವೊಂದನ್ನು ತಂದು ನಿಲ್ಲಿಸಿದರು. ಆಕೆ ಭಾರತೀಯಳೂ ಅಲ್ಲ, ಬೇರೆ ಗ್ರಹದವಳು. ಇತ್ತ 1967ರಲ್ಲಿ ಉತ್ತರ ಭಾರತದವನು, ಬಹುಶಃ ಸಿಖ್ಖನು ಎಂದು ಪರಿಚಯಿಸಲಾದ ಖಾನ್ ನೂನಿಯನ್ ಸಿಂಗ್ ಪಾತ್ರವನ್ನು ಮಾಡಿದವರು ಮೆಕ್ಸಿಕೋದ ರಿಕಾರ್ಡೋ ಮೊಂಟಲ್ಬಾನ್. 2013ರಲ್ಲಿ ಇಂಗ್ಲೆಂಡಿನ ಬೆನೆಡಿಕ್ಟ್ ಕಂಬರ್‌ಬ್ಯಾಚ್. 2022ರಲ್ಲಿ ಆ ವಂಶದ ಕುಡಿ ಲಾನ್ ನೂನಿಯನ್ ಸಿಂಗ್ ಆಗಿ ಬಂದವರು ಚೀನೀ ತಂದೆಯ ಮಗಳು ಕ್ರಿಸ್ಟೀನಾ ಚಾಂಗ್, ಇಂಗ್ಲೆಂಡಿನವರೇ. ಆಕೆಯ ಅಭಿನಯ ನನಗೆ ಬಹಳ ಇಷ್ಟ. ಆದರೂ ಐವತ್ತೈದು ವರ್ಷದಲ್ಲಿ ಆ ಸಿಂಗ್ ಮನೆತನಕ್ಕೆ ಒಬ್ಬ ಭಾರತೀಯ ಮುಖ ಸಿಗಲಿಲ್ಲವಲ್ಲ!

ಈಗ ನಮ್ಮ ಮನೆಯ ಕಥೆ. 2003ರ ಫೆಬ್ರವರಿ 1ರಂದು ಕೊಲಂಬಿಯಾ ಗಗನನೌಕೆ ಸಿಡಿದು ಕಲ್ಪನಾ ಚಾವ್ಲಾ ತೀರಿಕೊಂಡರು. 1988ರಿಂದ ಇಲ್ಲೇ ಮೌಂಟನ್ ವ್ಯೂ ಪಕ್ಕದ ನಾಸಾ ಏಮ್ಸ್‌ನಲ್ಲಿ ಕೆಲಸ ಮಾಡಿದ್ದವರು. ಇಲ್ಲಿನ ಭಾರತೀಯರಿಗೆಲ್ಲ ಮನೆಯ ಮಗಳನ್ನು ಕಳೆದುಕೊಂಡಂತಾಗಿತ್ತು. ನನ್ನ ಮಗಳಿಗೆ ಆಗ ಏಳು ವರ್ಷ. ಆ ವರ್ಷದ ಹ್ಯಾಲೋವೀನ್‌ಗೆ ಕ್ಯಾಪ್ಟನ್ ಆಗುತ್ತೇನೆ ಎಂದು ಹಟ ಹಿಡಿದಳು. ಕಪ್ಪು, ಕೆಂಪು ಬಟ್ಟೆ ತಂದು ಜೇನ್‌ವೇ ಸಮವಸ್ತ್ರವನ್ನು ನಾನೇ ಹೊಲಿದೆ. ಕೂದಲನ್ನು ಅವರಂತೆಯೇ ಎತ್ತಿ ಕಟ್ಟಿದೆ. ಬೀದಿಯಲ್ಲಿ ಬಾಗಿಲು ತೆರೆದವರೆಲ್ಲ ಚಾಕಲೇಟ್ ಹಾಕುತ್ತಾ, "ಓ, ಉಹೂರಾ!" ಎಂದರು. ನಾಲ್ಕನೆಯ ಮನೆ ದಾಟಿದ ಮೇಲೆ ಮಗಳು ಕೇಳಿದಳು: "ಅಮ್ಮ, ಅವರು ಬಟ್ಟೆ ನೋಡ್ತಾನೇ ಇಲ್ಲ ಅಲ್ವಾ?"

ಮರುವಾರ ರಾಜ್ಯೋತ್ಸವ. ಮಕ್ಕಳ ಛದ್ಮವೇಷ ಸ್ಪರ್ಧೆಗೆ ಅದೇ ಬಟ್ಟೆ ಹಾಕಿಸಿಕೊಂಡು ಹೋದೆ. ಅಲ್ಲಿ ಕಿತ್ತೂರು ಚೆನ್ನಮ್ಮ ಮೂವರು, ಒನಕೆ ಓಬವ್ವ ಇಬ್ಬರು, ನಡುವೆ ನಮ್ಮ ಬಾಹ್ಯಾಕಾಶದ ಕ್ಯಾಪ್ಟನ್. ಪರಿಚಯದ ಹಿರಿಯರೊಬ್ಬರು, "ಇದೇನು ವೇಷ?" ಎಂದರು. ಪಕ್ಕದಲ್ಲಿದ್ದ ಹುಡುಗ, "ಉಹೂರಾ ಆಂಟಿ, ಸ್ಟಾರ್ ಟ್ರೆಕ್" ಎಂದ. "ಅಯ್ಯೋ, ಆ ಕರೀ ಹೆಂಗಸಾ? ಮೊದಲೇ ಮಗು ಸ್ವಲ್ಪ ಬಣ್ಣ ಕಮ್ಮಿ, ಒಳ್ಳೇದು ಯಾವುದೂ ಸಿಗಲಿಲ್ವೇನಮ್ಮಾ?" ಅಂದರು ಹಿರಿಯರು. ಅವರನ್ನು ಬೈಯಲು ನಾನು ಇದನ್ನು ಬರೆಯುತ್ತಿಲ್ಲ. ನಾನು ಕೊಟ್ಟ ಉತ್ತರಕ್ಕಾಗಿ ಬರೆಯುತ್ತಿದ್ದೇನೆ. ನಾನು ಗಡಿಬಿಡಿಯಿಂದ, "ಅಲ್ಲ ಅಲ್ಲ, ಇವಳು ಉಹೂರಾ ಅಲ್ಲ, ಆ ಬಿಳೀ ಕ್ಯಾಪ್ಟನ್ ಇದಾರಲ್ಲ, ಅವರು" ಎಂದೆ. ಮಗಳು ನನ್ನ ಕೈ ಹಿಡಿದುಕೊಂಡೇ ಇದ್ದಳು.

ನಾಲ್ಕು ವರ್ಷ ಕಳೆಯಿತು. ಬ್ರಿಟನ್ನಿನ ‘ಡಾಕ್ಟರ್ ಹೂ’ ನಿಮ್ಮಲ್ಲಿ ಕೆಲವರಿಗೆ ಗೊತ್ತಿರುತ್ತದೆ. ಹಿಂದೆ ಸ್ಯಾನ್ ಹೋಸೆಯ ಚಾನೆಲ್ 54, ಕೆ.ಟಿ.ಇ.ಎಚ್., ಅದನ್ನು ವರ್ಷಗಟ್ಟಲೆ ತೋರಿಸಿತ್ತು. ನೀಲಿ ಪೊಲೀಸ್ ಡಬ್ಬಿಯಲ್ಲಿ ಕಾಲದೇಶಗಳನ್ನು ಸುತ್ತುವ ‘ಡಾಕ್ಟರ್’ ಎಂಬಾತ ಭೂಮಿಯಿಂದ ಒಬ್ಬ ಜೊತೆಗಾರ್ತಿಯನ್ನು ಕರೆದುಕೊಂಡು ಹೋಗುತ್ತಾನೆ. ಹೊಸದಾಗಿ ಶುರುವಾದಾಗ, 2005 ಮತ್ತು 2006ರಲ್ಲಿ, ಜೊತೆಗಾರ್ತಿ ರೋಸ್. ಹೊಂಬಣ್ಣದ ಕೂದಲಿನ ಅಂಗಡಿ ಹುಡುಗಿ, ಅಭಿಮಾನಿಗಳ ಕಣ್ಮಣಿ. 2007ರಲ್ಲಿ ಆ ಜಾಗಕ್ಕೆ ಬಂದವಳು ಮಾರ್ತಾ ಜೋನ್ಸ್. ನಟಿ ಫ್ರೀಮಾ ಅಜಿಮನ್; ತಂದೆ ಘಾನಾದವರು, ತಾಯಿ ಇರಾನಿನವರು. ಮಾರ್ತಾ ಮೆಡಿಕಲ್ ವಿದ್ಯಾರ್ಥಿನಿ. ನಾನು ಕುರ್ಚಿಯ ತುದಿಗೆ ಬಂದು ಕೂತೆ ಎಂದು ಬೇರೆ ಹೇಳಬೇಕೆ?

ಒಂದು ಕಂತಿನಲ್ಲಿ ಇಬ್ಬರೂ 1599ರ ಲಂಡನ್ನಿಗೆ ಹೋಗುತ್ತಾರೆ. ಇಲ್ಲಿ ನನ್ನನ್ನು ಗುಲಾಮಳೆಂದು ಹಿಡಿದುಕೊಂಡು ಹೋದರೆ ಎಂದು ಮಾರ್ತಾ ಕೇಳುತ್ತಾಳೆ. ಊರೆಲ್ಲ ನಿನ್ನದೇ ಎನ್ನುವಂತೆ ನಡೆದುಬಿಡು, ನನಗೆ ಅದು ಯಾವಾಗಲೂ ನಡೆಯುತ್ತದೆ ಎಂದು ಡಾಕ್ಟರ್ ಸಲಹೆ ಕೊಡುತ್ತಾನೆ. ಬಿಳಿಯ ಗಂಡಸಿನ ರೂಪದಲ್ಲಿರುವವನಿಗೆ ನಡೆಯುತ್ತದೆ, ನಿಜ. ಬರೆದವರು ತಮಾಷೆಗೆ ಬರೆದರೋ ಅರಿತು ಬರೆದರೋ, ಈ ದೇಶಕ್ಕೆ ಬಂದ ಹೊಸತರಲ್ಲಿ ನನಗೆ ಸಿಕ್ಕ ಒಳ್ಳೆಯ ಮನಸ್ಸಿನ ಸಲಹೆಗಳೆಲ್ಲ ಈ ಜಾತಿಯವೇ.

ಮುಂದೊಂದು ಕಥೆ 1913ರದು. ಡಾಕ್ಟರ್ ಶತ್ರುಗಳಿಂದ ತಲೆಮರೆಸಿಕೊಳ್ಳಲು ತನ್ನ ನೆನಪನ್ನೇ ಅಳಿಸಿಕೊಂಡು ಹುಡುಗರ ಶಾಲೆಯೊಂದರಲ್ಲಿ ಮೇಷ್ಟರಾಗಿರುತ್ತಾನೆ. ಅವನನ್ನು ಕಾಯಬೇಕಾದ ಮಾರ್ತಾ ಅದೇ ಶಾಲೆಯಲ್ಲಿ ನೆಲ ಒರೆಸುವ ಕೆಲಸದವಳು. ಆ ಬಣ್ಣದ ಕೈಗೆ ಕೊಳೆ ಹೋಗಿದೆಯೋ ಇಲ್ಲವೋ ಹೇಗೆ ಗೊತ್ತಾಗುತ್ತದೆ ಎಂದು ಶಾಲೆಯ ಹುಡುಗರು ನಗುತ್ತಾರೆ. ಕೊನೆಗೆ ಶಾಲೆಯ ನರ್ಸಮ್ಮನಿಗೆ ತಾನು ಡಾಕ್ಟರ್ ಆಗಲು ಓದುತ್ತಿರುವವಳು ಎಂದು ಹೇಳಬೇಕಾಗುತ್ತದೆ. ಆಕೆ ಕೆಟ್ಟವಳಲ್ಲ, ಆದರೆ ನಂಬುವುದಿಲ್ಲ: ಹೆಂಗಸರು ಡಾಕ್ಟರ್ ಆಗಬಹುದೇನೋ, ಕೆಲಸದವಳು ಆಗಲಾರಳು, ನಿನ್ನ ಬಣ್ಣದವಳಂತೂ ಆಗಲಾರಳು. ಮಾರ್ತಾ ತನ್ನ ಕೈ ಎತ್ತಿ ಹಿಡಿದು ಮೂಳೆಗಳ ಹೆಸರು ಹೇಳತೊಡಗುತ್ತಾಳೆ. ಸ್ಕೇಫಾಯ್ಡ್, ಲ್ಯೂನೇಟ್, ಟ್ರೈಕ್ವೆಟ್ರಲ್, ಪಿಸಿಫಾರ್ಮ್. ಟ್ರೆಪೀಜಿಯಂ, ಟ್ರೆಪಿಜಾಯ್ಡ್, ಕ್ಯಾಪಿಟೇಟ್, ಹ್ಯಾಮೇಟ್. ಮಣಿಕಟ್ಟಿನ ಎಂಟೂ ಮೂಳೆ ಮುಗಿಸಿ ಬೆರಳುಗಳಿಗೆ ಹೋಗುತ್ತಾಳೆ. ಪುಸ್ತಕದಲ್ಲಿ ಓದಿಕೊಂಡಿದ್ದೀಯ ಎನ್ನುತ್ತಾಳೆ ನರ್ಸಮ್ಮ. ಹೌದು, ಪರೀಕ್ಷೆ ಪಾಸಾಗುವುದಕ್ಕೆ ಎನ್ನುತ್ತಾಳೆ ಇವಳು.

ಆ ಎಂಟು ಹೆಸರುಗಳನ್ನು ಹಾಸ್ಟೆಲಿನಲ್ಲಿ ಜಪದಂತೆ ಉರುಹೊಡೆದವಳು ನಾನು. ಸೋಫಾದ ಮೇಲೆ ಕೂತು ನಾನೂ ಅವಳ ಜೊತೆ ಹೇಳುತ್ತಿದ್ದೆನಂತೆ. ಕಣ್ಣಲ್ಲಿ ನೀರೂ ಬರುತ್ತಿತ್ತಂತೆ. ರೆಸಿಡೆನ್ಸಿಯ ಎರಡನೆಯ ತಿಂಗಳಲ್ಲಿ ಒಬ್ಬ ರೋಗಿಯನ್ನು ಮುಕ್ಕಾಲು ಗಂಟೆ ಪರೀಕ್ಷಿಸಿ, ಎದೆ ಕೇಳಿ, ಹೊಟ್ಟೆ ಮುಟ್ಟಿ, ಔಷಧಿ ವಿವರಿಸಿ ಎದ್ದಾಗ ಅವರು ಡಾಕ್ಟರ್ ಯಾವಾಗ ಬರುತ್ತಾರೆ ಎಂದು ಕೇಳಿದ್ದರು. ಹೋಗುವಾಗ ಊಟದ ತಟ್ಟೆ ತೆಗೆದುಕೊಂಡು ಹೋಗಲೂ ಹೇಳಿದ್ದರು. ನಾನು ತಟ್ಟೆ ತೆಗೆದುಕೊಂಡು ಹೋದೆ. ಮೂಳೆಗಳ ಹೆಸರು ಹೇಳಬಹುದಿತ್ತು ಎಂದು ಆಗ ಹೊಳೆದಿರಲಿಲ್ಲ.

ಇಂಥ ಮಾರ್ತಾಳನ್ನು ಅಭಿಮಾನಿಗಳಲ್ಲಿ ಒಂದು ದೊಡ್ಡ ಗುಂಪು ಒಪ್ಪಲಿಲ್ಲ. ರೋಸ್ ಜಾಗ ಕಿತ್ತುಕೊಂಡಳು, ಡಾಕ್ಟರ್ ಹಿಂದೆ ಬಿದ್ದಿದ್ದಾಳೆ, ಸದಾ ಹಲುಬುತ್ತಾಳೆ ಎಂದರು. ಇದರಲ್ಲಿ ಬರೆದವರ ತಪ್ಪು ಖಂಡಿತ ಇದೆ. ವರ್ಷವಿಡೀ ಅವಳನ್ನು ಕಣ್ಣೆತ್ತಿ ನೋಡದವನ ಮೇಲೆ ಅವಳಿಗೆ ಪ್ರೇಮ ಹುಟ್ಟಿಸಿ, ಅವನ ಬಾಯಲ್ಲಿ ರೋಸ್ ರೋಸ್ ಎಂದು ಹಾಡಿಸಿದರೆ ಯಾವ ಪಾತ್ರ ತಾನೇ ಎದ್ದು ನಿಂತೀತು? ಕೊನೆಗೆ, 2010ರ ಜನವರಿಯ ಕಂತಿನಲ್ಲಿ, ಹಿಂದಿನ ಮತ್ತೊಬ್ಬ ಕಪ್ಪು ಜೊತೆಗಾರ ಮಿಕ್ಕಿಯ ಜೊತೆ ಅವಳಿಗೆ ಮದುವೆಯಾಗಿದೆ ಎಂದು ತೋರಿಸಿದರು. ಇಬ್ಬರೂ ಒಂದೇ ಬಣ್ಣ, ಜಾತಕ ಕೂಡಿತು ಎಂಬಂತೆ!

ಆದರೆ ಅಭಿಮಾನಿಗಳ ತಪ್ಪನ್ನು ಬೇರೆಯಾಗಿಯೇ ಲೆಕ್ಕ ಹಾಕಬೇಕು. ಲ್ಯಾಬ್ ಸರಿಯಿದೆಯೇ ಎಂಬ ಅನುಮಾನ ಬಂದರೆ ಒಂದೇ ರಕ್ತವನ್ನು ಎರಡು ಹೆಸರಿನಲ್ಲಿ ಕಳಿಸಿ ನೋಡಬಹುದು. ವರದಿ ಬೇರೆ ಬೇರೆ ಬಂದರೆ ರೋಗ ಇರುವುದು ರಕ್ತದಲ್ಲಲ್ಲ, ಲ್ಯಾಬಿನಲ್ಲಿ. ರೋಸ್ ಕೂಡ ಅಸೂಯೆಪಟ್ಟವಳೇ, ಡಾಕ್ಟರನ್ನು ಬಿಟ್ಟಿರಲಾರದೆ ಅತ್ತವಳೇ. ಅವಳದು ಅಮರ ಪ್ರೇಮ ಎನಿಸಿಕೊಂಡಿತು, ಮಾರ್ತಾಳದು ಅಂಟುಬುರುಕತನ ಎನಿಸಿಕೊಂಡಿತು. ರಕ್ತ ಒಂದೇ, ಮೇಲಿನ ಚೀಟಿ ಬೇರೆ.

ನಮ್ಮ ಮನೆಯವರು ಇದನ್ನು ಒಪ್ಪುವುದಿಲ್ಲ. "ಕಪ್ಪು ಹೆಂಗಸು ಎಂದ ಮಾತ್ರಕ್ಕೆ ಮೆಚ್ಚಲೇಬೇಕಾ? ‘ಡಿಸ್ಕವರಿ’ ನೋಡು, ಲೋಕ ಕೆಟ್ಟರೆ ಆ ಬರ್ನಮ್ ಒಬ್ಬಳೇ ಸರಿ ಮಾಡಬೇಕು, ಮಿಕ್ಕವರು ಬಾಯಿ ಬಿಟ್ಟುಕೊಂಡು ನೋಡಬೇಕು" ಎಂಬುದು ಅವರ ವಾದ. 2017ರಲ್ಲಿ ಬಂದ ಆ ಧಾರಾವಾಹಿಯ ನಾಯಕಿ ಸೊನೆಕ್ವಾ ಮಾರ್ಟಿನ್-ಗ್ರೀನ್. ಸ್ಟಾರ್ ಟ್ರೆಕ್‌ನಲ್ಲಿ ಕಪ್ಪು ಮಹಿಳೆ ಮುಖ್ಯ ಪಾತ್ರಕ್ಕೆ ಬಂದದ್ದು ಅದೇ ಮೊದಲು. ಅವರ ದೂರಿನಲ್ಲಿ ಸತ್ಯಾಂಶವಿದೆ. ಕಥೆ ಚೆನ್ನಾಗಿಲ್ಲ ಎನ್ನುವ ಹಕ್ಕು ಎಲ್ಲರಿಗೂ ಇದೆ. ನಾನು ಕೇಳಿದ್ದು ಇಷ್ಟೇ: "ಮೂರು ವರ್ಷ ಕರ್ಕ್ ಒಬ್ಬನೇ ಲೋಕ ಉಳಿಸಿದಾಗ ನೀವು ಏನೆಂದಿರಿ?" ಪೇಪರು ಎತ್ತಿಕೊಂಡು ಹಿತ್ತಲಿಗೆ ಹೋದರು.

ಕೆಲವು ಸಲ ಇದು ವಾದದ ಮಟ್ಟದಲ್ಲಿ ನಿಲ್ಲುವುದಿಲ್ಲ. ಪ್ರೆಸಿಡಿಯೋದಲ್ಲಿ ಹಳೆಯ ಲೆಟರ್‌ಮನ್ ಸೈನಿಕ ಆಸ್ಪತ್ರೆ ಇದ್ದ ಜಾಗದಲ್ಲಿ 2005ರಲ್ಲಿ ಲ್ಯೂಕಾಸ್‌ಫಿಲ್ಮ್ ಕಚೇರಿ ಎದ್ದಿತು. ಊರಿಂದ ಬಂದವರನ್ನು ಯೋಡಾ ಕಾರಂಜಿಯ ಮುಂದೆ ನಿಲ್ಲಿಸಿ ಫೋಟೋ ತೆಗೆಯುವ ಜಾಗ ಅದು. 2022ರ ಮೇ ತಿಂಗಳಲ್ಲಿ ಆ ಸಂಸ್ಥೆಯ ‘ಓಬಿ-ವಾನ್ ಕೆನೋಬಿ’ ಧಾರಾವಾಹಿ ಬಂದಾಗ, ರೇವಾ ಪಾತ್ರ ಮಾಡಿದ ಕಪ್ಪು ನಟಿ ಮೋಸೆಸ್ ಇಂಗ್ರಾಮ್‌ಗೆ ನೂರಾರು ಹೊಲಸು ಸಂದೇಶಗಳು ಬಂದವು. ನಾಯಕ ನಟ ಯೂಅನ್ ಮೆಗ್ರೆಗರ್ ಬಹಿರಂಗವಾಗಿ ಆಕೆಯ ಪರ ನಿಂತರು, ಸಂಸ್ಥೆಯೂ ನಿಂತಿತು, ಸಂತೋಷ. ನನ್ನನ್ನು ಕಾಡಿದ್ದು ಇನ್ನೊಂದು ಸಂಗತಿ. ಹೀಗಾಗುವ ಸಂಭವವಿದೆ ಎಂದು ಸಂಸ್ಥೆಯವರು ಮೊದಲೇ ಎಚ್ಚರಿಸಿದ್ದರು ಎಂದು ಆಕೆ ಹೇಳಿದ್ದರು. ಆಪರೇಷನ್‌ಗೆ ಮುಂಚೆ ರೋಗಿಗೆ ಅಪಾಯಗಳನ್ನು ಹೇಳಿ ಸಹಿ ಹಾಕಿಸಿಕೊಳ್ಳುತ್ತೇವಲ್ಲ, ಹಾಗೆ. ಅಪಾಯ ಅಷ್ಟು ಖಚಿತವಾಗಿ ಗೊತ್ತಿದೆಯೆಂದರೆ ಕಾಯಿಲೆ ಹಳೆಯದು ಎಂದರ್ಥ. ಡಾ. ರಾಜ್‌ಕುಮಾರ್ ತಮ್ಮ ಅಭಿಮಾನಿಗಳನ್ನು ದೇವರುಗಳೆಂದು ಕರೆದರು. ದೇವರುಗಳು ಪಾತ್ರಧಾರಿಯ ಮೈಬಣ್ಣ ನೋಡಿ ಶಾಪ ಕೊಡುವುದಿಲ್ಲ.

ಒಳ್ಳೆಯ ಸುದ್ದಿಯೂ ಇದೆ. 2025ರ ಡಾಕ್ಟರ್ ಹೂ ಕಂತುಗಳಲ್ಲಿ ಕೇರಳದಲ್ಲಿ ಹುಟ್ಟಿದ ವರದಾ ಸೇತು ಅವರು ಬೆಲಿಂಡಾ ಚಂದ್ರ ಎಂಬ ಲಂಡನ್ ನರ್ಸ್ ಆಗಿ ಬಂದರು. ಮೊದಲ ಕಂತಿನಲ್ಲೇ, ನನ್ನ ಒಪ್ಪಿಗೆಯಿಲ್ಲದೆ ನನ್ನ ಡಿ.ಎನ್.ಎ. ಪರೀಕ್ಷಿಸಲು ನೀನು ಯಾರು ಎಂದು ಡಾಕ್ಟರನ್ನೇ ತರಾಟೆಗೆ ತೆಗೆದುಕೊಂಡಾಗ ನಾನು ಚಪ್ಪಾಳೆ ಹೊಡೆದೆ. ಆದರೆ ಕೊನೆಯ ಕಂತಿನಲ್ಲಿ ಕಾಲವನ್ನೇ ತಿದ್ದಿ, ಅವಳಿಗೊಂದು ಮಗು ಮೊದಲಿನಿಂದಲೂ ಇತ್ತು, ಮನೆಗೆ ಹೋಗುವ ತವಕವೆಲ್ಲ ಅದಕ್ಕಾಗಿಯೇ ಎಂದು ಮಾಡಿಬಿಟ್ಟರು. ತಾಯ್ತನ ದೊಡ್ಡದು, ನಾನೂ ತಾಯಿ. ಆದರೆ ಪ್ರಶ್ನೆ ಕೇಳುವ ನರ್ಸ್ ಎಲ್ಲಿ ಹೋದಳು? ಈ ಬಾರಿ ಬಹಳಷ್ಟು ಅಭಿಮಾನಿಗಳೂ ಇದನ್ನೇ ಕೇಳಿದರು. ಅಷ್ಟರಮಟ್ಟಿಗೆ ಲ್ಯಾಬ್ ಸುಧಾರಿಸಿದೆ.

ಕಥೆಯಲ್ಲಿ ಯಾರಿದ್ದರೇನು ಎನ್ನುವವರಿಗೆ ಎರಡು ಉದಾಹರಣೆ. ನಮ್ಮ ಸ್ಟ್ಯಾನ್‌ಫರ್ಡಿನಲ್ಲಿ 1977ರಲ್ಲಿ ಪದವಿ ಪಡೆದು, ಆಮೇಲೆ ಕಾರ್ನೆಲ್‌ನಲ್ಲಿ ಎಂ.ಡಿ. ಮಾಡಿದ ಡಾ. ಮೇ ಜೆಮಿಸನ್ 1992ರಲ್ಲಿ ಬಾಹ್ಯಾಕಾಶಕ್ಕೆ ಹೋದ ಮೊದಲ ಕಪ್ಪು ಮಹಿಳೆ. ಅಲ್ಲಿ ತಮ್ಮ ಪಾಳಿ ಶುರುಮಾಡುವಾಗ ಅವರು ಉಹೂರಾಳ ಮಾತನ್ನೇ ಆಡುತ್ತಿದ್ದರು. ಇನ್ನೊಬ್ಬರು ಬೆಂಗಳೂರಿನ ಇಸ್ರೋದ ನಂದಿನಿ ಹರಿನಾಥ್, ಮಂಗಳಯಾನದ ಉಪ ಕಾರ್ಯಾಚರಣಾ ನಿರ್ದೇಶಕಿ. ಚಿಕ್ಕಂದಿನಲ್ಲಿ ಮನೆಯವರೆಲ್ಲ ಒಟ್ಟಿಗೆ ಕೂತು ಟೀವಿಯಲ್ಲಿ ಸ್ಟಾರ್ ಟ್ರೆಕ್ ನೋಡುತ್ತಿದ್ದೆವು, ವಿಜ್ಞಾನದ ಮೊದಲ ಪರಿಚಯ ಅದೇ ಎಂದು ಅವರು ಹೇಳಿದ್ದಾರೆ. 2014ರ ಸೆಪ್ಟೆಂಬರ್ 24ರಂದು ನೌಕೆ ಮಂಗಳನ ಕಕ್ಷೆ ಸೇರಿದಾಗ ರೇಷ್ಮೆ ಸೀರೆ ಉಟ್ಟು ಹೂ ಮುಡಿದ ಹೆಂಗಸರು ಸಂಭ್ರಮಿಸುವ ಫೋಟೋ ಲೋಕವೆಲ್ಲ ಸುತ್ತಿತು. ಆ ಫೋಟೋದಲ್ಲಿದ್ದವರು ಆಡಳಿತ ಸಿಬ್ಬಂದಿ ಎಂದು ಇಸ್ರೋ ಆಮೇಲೆ ತಿಳಿಸಿತು. ಜೊತೆಗೇ, ನಿಯಂತ್ರಣ ಕೊಠಡಿಯಲ್ಲಿ ಮಹಿಳಾ ವಿಜ್ಞಾನಿಗಳು ಇದ್ದದ್ದೂ ನಿಜ ಎಂದಿತು. ಸ್ಟಾರ್ ಟ್ರೆಕ್‌ನವರು ಊಹಿಸಿಕೊಳ್ಳದ ಹೆಂಗಸರು ಅವರು. ಆದರೂ ನೋಡುತ್ತಾ ಬೆಳೆದು ತಮ್ಮ ಜಾಗವನ್ನು ತಾವೇ ಮಾಡಿಕೊಂಡರು.

ನನ್ನ ಮಗಳ ವಿಷಯ ಬಾಕಿ ಇದೆ. ಮಾರ್ತಾ ಮೂಳೆ ಎಣಿಸಿದ ರಾತ್ರಿ, ಹನ್ನೊಂದು ವರ್ಷದ ಅವಳು ಟೀವಿ ಆರಿಸಿ ಕೇಳಿದಳು: "ಅಮ್ಮ, ಅವತ್ತು ಆ ಆಂಟಿ ಉಹೂರಾ ಅಂದಾಗ ನೀನ್ಯಾಕೆ ಅಲ್ಲ ಅಲ್ಲ ಅಂದೆ? ಉಹೂರಾ ಆದರೆ ಏನು?" ನನ್ನ ಬಳಿ ಉತ್ತರವಿರಲಿಲ್ಲ. ನಾಲ್ಕು ವರ್ಷ ಅದನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದಳು ಮಗು. ಬೀದಿಯವರು ಅವಳ ಬಟ್ಟೆ ನೋಡದೆ ಮುಖ ನೋಡಿದರೆಂದು ನಾನು ನೊಂದುಕೊಂಡಿದ್ದೆ. ಸಭಾಂಗಣದಲ್ಲಿ ನಾನು ಮಾಡಿದ್ದೂ ಅದನ್ನೇ. ತಪ್ಪಾಯಿತು ಪುಟ್ಟಾ ಎಂದೆ.

ಈ ವರ್ಷದ ಛದ್ಮವೇಷಕ್ಕೆ ಹೆಸರು ಕೊಡುವ ತಾಯಂದಿರಲ್ಲಿ ಒಂದು ವಿನಂತಿ. ಚೆನ್ನಮ್ಮ, ಓಬವ್ವ ಖಂಡಿತ ಬರಲಿ. ಜೊತೆಗೆ ಒಬ್ಬ ಮಾರ್ತಾ, ಒಬ್ಬ ಉಹೂರಾ ಬಂದರೆ ಹೊಲಿಗೆಗೆ ನಾನು ಸಿದ್ಧ. ಅಳತೆ ಎರಡು ವಾರ ಮುಂಚೆ ಕೊಡಿ, ನನ್ನ ಕಣ್ಣು ಮೊದಲಿನಂತಿಲ್ಲ.